ಲಂಗರಿನ ಅಂಗಿ

ನನ್ನ ಮೊಮ್ಮಗಳು ಹುಟ್ಟಿ ಇವತ್ತಿಗೆ ಹದಿನೆಂಟು ದಿನ. ಅವಳು ಸೀನಿದರೂ ನಾನು ಬೀದಿಗೆಲ್ಲ ಹೇಳಿ ಬರುತ್ತೇನೆ. ಹಾಲಿನವನಿಗೆ ಹೇಳಿದ್ದಾಯಿತು, ಗ್ಯಾಸ್ ಸಿಲಿಂಡರ್ ಹೊತ್ತು ತಂದವನನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿ ಹೇಳಿದ್ದಾಯಿತು. ಎದುರು ಮನೆಯ ಆಂಟಿ ನನ್ನನ್ನು ಕಂಡರೆ ಈಗ ಮೆಲ್ಲಗೆ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ ಬಿಡಿ. ಮುತ್ಯಾ ಆಗುವುದು ದಿನಾ ಆಗುವ ಕೆಲಸವಲ್ಲ.

ಈ ಹದಿನೆಂಟು ದಿನದಲ್ಲಿ ಆ ಕೂಸಿನ ಫೋಟೋ ನನ್ನ ಮಗಳ ಫೋನಿನಲ್ಲಿ ಎಷ್ಟಾಗಿವೆಯೋ ಶಿವನೇ ಬಲ್ಲ. ಮಲಗಿದ್ದೊಂದು, ಎದ್ದದ್ದೊಂದು, ಮಲಗಲೋ ಏಳಲೋ ಎಂದು ಯೋಚನೆ ಮಾಡುತ್ತಿದ್ದದ್ದೊಂದು. ಒಂದೊಂದರಲ್ಲಿ ಒಂದೊಂದು ಅಂಗಿ. ಒಂದರಲ್ಲಿ ಮೊಲದ ಕಿವಿ ಇರುವ ಟೋಪಿ ಬೇರೆ. ಅವನ್ನೆಲ್ಲ ನೋಡುತ್ತಾ ನೋಡುತ್ತಾ ನನಗೆ ನಗು ತಡೆಯಲಿಲ್ಲ. ಮಗಳು ಯಾಕಪ್ಪಾ ಎಂದಳು. ನಮ್ಮ ಕಾಲದಲ್ಲಿ ಮೂರು ಜನ, ಮೂರು ಫೋಟೋ, ಒಂದೇ ಅಂಗಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹಾಗಾದರೆ ಬರೆದೇ ಬಿಡುತ್ತೇನೆ ಎಂದು ಕೂತಿದ್ದೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಕೈ ಪೆನ್ನಿಗಿಂತ ಇಸ್ತ್ರಿ ಪೆಟ್ಟಿಗೆಗೆ ಹೆಚ್ಚು ಒಗ್ಗಿದೆ. ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಎಳೆದರೆ ಸುಕ್ಕು ಹೋಗುತ್ತದೆ ಎಂಬುದಷ್ಟೇ ನನಗೆ ಗೊತ್ತಿರುವ ವಿದ್ಯೆ.

ಅದು ತೊಂಬತ್ತರ ದಶಕ. ಬಿಟಿಎಂ ಲೇಔಟಿನಲ್ಲಿ ಆಗ ಅರ್ಧಕ್ಕರ್ಧ ಸೈಟುಗಳು ಖಾಲಿ ಬಿದ್ದಿದ್ದವು. ಒಂದು ಮನೆಯ ತಾರಸಿಯ ಮೇಲೆ, ಶೀಟು ಹೊದಿಸಿದ ಒಂದು ಕೋಣೆಯಲ್ಲಿ ನಾವು ಮೂವರು ಇದ್ದೆವು. ಮೂವರೂ ಉತ್ತರ ಕರ್ನಾಟಕದವರು, ಒಂದೇ ತಾಲೂಕಿನವರು. ಒಬ್ಬ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಉದ್ದ. ಸರ್ಕಾರಿ ಕಚೇರಿಯಲ್ಲಿ ಜವಾನ, ಖಾಯಂ ನೌಕರಿ. ಇನ್ನೊಬ್ಬ ಅದೇ ಬಾಗಿಲಲ್ಲಿ ಅಡ್ಡಡ್ಡ ಬರಬೇಕಾದಷ್ಟು ದಪ್ಪ. ಮಡಿವಾಳದ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ. ನಾನು ಉದ್ದವೂ ಅಲ್ಲ, ದಪ್ಪವೂ ಅಲ್ಲ. ಸುದ್ದಗುಂಟೆಪಾಳ್ಯದ ಒಂದು ಲಾಂಡ್ರಿಯಲ್ಲಿ ದಿನವಿಡೀ ಮಂದಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ.

ಕೆಲಸದ ಬಟ್ಟೆ ಮೂವರಿಗೂ ಇದ್ದವು. ಆದರೆ ಮದುವೆ, ಮುಂಜಿ, ಮಠದ ಪ್ರಸಾದ, ಭಾನುವಾರ ಜಯನಗರದ ಕಾಂಪ್ಲೆಕ್ಸ್ ಮುಂದೆ ಸುಮ್ಮನೆ ನಿಲ್ಲುವುದು, ಇಂಥದ್ದಕ್ಕೆಲ್ಲ ಹಾಕಿಕೊಂಡು ಹೋಗಲು ಒಂದು ಒಳ್ಳೆಯ ಅಂಗಿ ಬೇಕಿತ್ತು. ಮೂವರು ಕೂಡಿ ಒಂದೇ ಒಂದು, ಆದರೆ ಜಬರ್ದಸ್ತಾಗಿರುವುದನ್ನು ತಂದರೆ ಹೇಗೆ ಎಂದು ದಪ್ಪನೆಯವನು ಯೋಚನೆ ತೆಗೆದ. ಬಟ್ಟೆಯ ಗುಣ ಗೊತ್ತಿರುವವನೆಂದು ನನ್ನನ್ನೇ ಕಳಿಸಿದರು.

ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನ ಹಿಂದೆ ಒಂದು ಗಲ್ಲಿಯಲ್ಲಿ ನಮ್ಮ ಕಡೆಯವರದೇ ಒಂದು ಸಣ್ಣ ರೆಡಿಮೇಡ್ ಅಂಗಡಿ ಇತ್ತು. ಅವರ ಮನೆ ತ್ಯಾಗರಾಜನಗರದಲ್ಲಿ. ಭಾನುವಾರ ಅಂಗಡಿಯಲ್ಲಿ ಅವರ ಮಗಳು ಕೂರುತ್ತಿದ್ದಳು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಗಡ್ಡ ಮಾಡಿಕೊಂಡು ಹೋಗುತ್ತಿದ್ದೆ.

ಅವಳು ಹತ್ತಿಪ್ಪತ್ತು ಅಂಗಿ ತೋರಿಸಿ, ಕೊನೆಗೆ ರಾಶಿಯ ತಳದಿಂದ ಒಂದನ್ನು ಎಳೆದಳು. ನವಿಲಿನ ಕೊರಳಿನ ಬಣ್ಣ, ಕಡುನೀಲಿ ಗುಂಡಿಗಳು. ಜೇಬಿನ ಮೇಲೆ ಬಂಗಾರದ ದಾರದಲ್ಲಿ ಏನೋ ಒಂದು ಕೊಕ್ಕೆಯಂಥದ್ದು. ನಮ್ಮೂರಲ್ಲಿ ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತಲು ಹಗ್ಗಕ್ಕೆ ಕಟ್ಟಿ ಇಳಿಬಿಡುವ ಕಬ್ಬಿಣದ ಪಾತಾಳಗರಡಿ ಇರುತ್ತದಲ್ಲ, ಹಾಗೆ ಕಾಣಿಸಿತು. ಜೇಬಿನ ಮೇಲೆ ಪಾತಾಳಗರಡಿ ಯಾಕೆ ಎಂದು ಕೇಳಿದೆ.

"ಅದು ಲಂಗರು ರೀ. ಹಡಗ ನಿಂದ್ರಸೂದು," ಎಂದಳು.

"ಬೆಂಗಳೂರಾಗ ಹಡಗ ಎಲ್ಲೈತ್ರಿ?"

"ಅದಕ್ಕ ಈ ಅಂಗಿ ವರ್ಷದಿಂದ ಇಲ್ಲೇ ನಿಂತೈತಿ."

ಹೇಳಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಾನು ಅಳತೆಯನ್ನೂ ನೋಡದೆ ಅಂಗಿ ಕಟ್ಟಿಸಿಕೊಂಡು ಬಂದೆ. ಲಂಗರು ಇಳಿದದ್ದು ಅವತ್ತೇ. ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ.

ಅಳತೆ ನನ್ನದೇ ಆಗಿತ್ತು. ಉದ್ದನೆಯವನು ಹಾಕಿದರೆ ತೋಳು ಮಣಿಕಟ್ಟಿಗೆ ಬರುತ್ತಿರಲಿಲ್ಲ. ಬೇಕೆಂದೇ ಮಡಿಚಿದ ಹಾಗೆ ಮೊಣಕೈವರೆಗೆ ಮಡಿಚಿಕೊಳ್ಳುತ್ತಿದ್ದ. ದಪ್ಪನೆಯವನು ಉಸಿರು ಎಳೆದುಕೊಂಡರೆ ಮಾತ್ರ ಗುಂಡಿ ಕೂಡುತ್ತಿದ್ದವು. ಬಸ್ಸಿನಲ್ಲಿ ಟಿಕೆಟ್ ಕೇಳಲೂ ಉಸಿರು ಬಿಡಬಾರದೆಂದು ಬೆರಳಲ್ಲಿ ತೋರಿಸುತ್ತಿದ್ದ. ಕಂಡಕ್ಟರು ಮೂಕನೆಂದು ತಿಳಿದು ಸೀಟು ಬಿಡಿಸಿಕೊಟ್ಟದ್ದೂ ಉಂಟು.

ಯಾವ ಭಾನುವಾರ ಯಾರ ಪಾಳಿ ಎಂದು ಜಗಳ ಬರಬಾರದಲ್ಲ, ಅದಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಉದ್ದನೆಯವನಿಗೆ ಒಂದು ಉದ್ದ ಗೆರೆ, ದಪ್ಪನೆಯವನಿಗೆ ಒಂದು ಸೊನ್ನೆ, ನನಗೆ ಒಂದು ಚುಕ್ಕಿ. ಮನೆ ಓನರ್ ಆಂಟಿ ಒಮ್ಮೆ ಮೇಲೆ ಬಂದು ಅದನ್ನು ನೋಡಿ, "ಏನ್ರಪ್ಪಾ ಇದು, ಕಾವೇರಿ ನೀರು ಬಿಡೋ ದಿನಾನಾ? ನಮ್ಗೂ ಸ್ವಲ್ಪ ಹೇಳ್ಬಾರ್ದಾ," ಎಂದು ತಮ್ಮ ಕ್ಯಾಲೆಂಡರಿಗೂ ಬರೆದುಕೊಂಡು ಹೋದರು. ನಾವು ಸುಮ್ಮನಿದ್ದೆವು. ಪಾಪ, ಆ ಸೊನ್ನೆಯ ದಿನ ಅವರು ಬಿಂದಿಗೆಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟುಕೊಂಡು ಕಾದದ್ದು ನನಗೆ ಈಗಲೂ ನೆನಪಿದೆ.

ಜಯನಗರದಲ್ಲಿ ಮಂದಿ ನಮ್ಮ ಮುಖ ಮರೆತರೂ ಅಂಗಿಯನ್ನು ಮರೆಯುತ್ತಿರಲಿಲ್ಲ. ಬೇಕರಿಯ ಅಂಕಲ್ ಉದ್ದನೆಯವನಿಗೆ, "ಹೋದ್ ವಾರ ಬನ್ ತಿಂದು ಹೋದ್ರಲ್ಲ, ಸ್ವಲ್ಪ ಎತ್ರ ಆಗಿದೀರ," ಎಂದಿದ್ದರಂತೆ. ನನ್ನ ಗುರುತಿನವರು ದಪ್ಪನೆಯವನ ಬೆನ್ನಿಗೆ ಗುದ್ದಿ, ಅವನು ತಿರುಗಿದ ಮೇಲೆ ಕ್ಷಮೆ ಕೇಳುತ್ತಿದ್ದರು. ಐದು ಗಂಟೆಗೆ ಕಾಂಪ್ಲೆಕ್ಸ್ ಮುಂದೆ ಸಿಗೋಣ ಎಂದರೆ ಸಿಗೋಣ, ಅಷ್ಟೇ. ಎಲ್ಲಿದ್ದೀ, ಎಷ್ಟು ದೂರ ಬಂದೀ ಎಂದು ಕೇಳುವ ದಾರಿಯೇ ಇರಲಿಲ್ಲ. ಆ ಗದ್ದಲದಲ್ಲಿ ಅವತ್ತಿನ ಪಾಳಿಯವನು ಲಂಗರು ಹಾಕಿಕೊಂಡು ನಿಂತರೆ ಉಳಿದಿಬ್ಬರು ಅದನ್ನು ನೋಡಿ ಬಂದು ಸೇರುತ್ತಿದ್ದರು. ಬರದಿದ್ದರೆ ನಿಲ್ಲುವುದು. ಇನ್ನೂ ಬರದಿದ್ದರೆ ಇನ್ನೂ ನಿಲ್ಲುವುದು. ನಿಂತು ನಿಂತು ಬೋರ್ಡುಗಳನ್ನೆಲ್ಲ ಓದಿ, ಹೋಗಿ ಬರುವವರ ಚಪ್ಪಲಿಗಳನ್ನೆಲ್ಲ ನೋಡಿ ಮುಗಿಸುವುದು. ಎಂಥಾ ಸುಖವಿತ್ತು ಅದರಲ್ಲಿ ಅಂತೀನಿ.

ನನ್ನ ಚುಕ್ಕಿಯ ದಿನ ಮಾತ್ರ ನಾನು ಅಂಗಡಿಯ ಗಲ್ಲಿಯಲ್ಲಿ ಎರಡು ಸಲ ಹಾದು ಹೋಗುತ್ತಿದ್ದೆ. ಒಳಗೆ ಹೋಗಲು ಕಾರಣ ಬೇಕಲ್ಲ. ಹೊಸ ಅಂಗಿ ಕೊಳ್ಳುವ ಹಾಗಿಲ್ಲ. ಕಡೆಗೆ ಒಂದು ಭಾನುವಾರ ಬೆಳಿಗ್ಗೆ ಬ್ಲೇಡು ತೆಗೆದುಕೊಂಡು ಅಂಗಿಯ ಮೂರನೇ ಗುಂಡಿಯನ್ನು ನಾನೇ ಕತ್ತರಿಸಿದೆ. ಅಂಗಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ, ಗುಂಡಿ ಬಿದ್ದುಹೋಗಿದೆ, ಅಂಥದ್ದೇ ಒಂದು ಬೇಕು ಎಂದು ಕೇಳಿದೆ. ಅವಳು ದಾರದ ತುದಿಯನ್ನು ನೋಡಿದಳು. ಬಿದ್ದ ಗುಂಡಿಯ ದಾರಕ್ಕೂ ಕತ್ತರಿಸಿದ ಗುಂಡಿಯ ದಾರಕ್ಕೂ ಇರುವ ವ್ಯತ್ಯಾಸ ಅಂಗಡಿಯವರ ಮಗಳಿಗೆ ಗೊತ್ತಾಗದೆ ಇರುತ್ತದೆಯೇ? ನೀಲಿ ಗುಂಡಿ ಇಲ್ಲ ಎಂದು ಡಬ್ಬಿಯಿಂದ ಒಂದು ಬಿಳಿ ಗುಂಡಿ ಹುಡುಕಿ, ಕೂತಲ್ಲೇ ಹೊಲಿದು, ದಾರವನ್ನು ಹಲ್ಲಲ್ಲಿ ಕಡಿದು ಕೊಟ್ಟಳು. ಬಣ್ಣ ಕೂಡಲಿಲ್ಲವಲ್ಲ ಎಂದೆ.

"ಇರ್ಲಿ ಬಿಡ್ರಿ," ಎಂದಳು, "ಗುರ್ತಿಗೆ."

ಈಗಿನ ಹುಡುಗರು ಒಂದು ಹೃದಯದ ಚಿತ್ರ ಒತ್ತಿ ಕಳಿಸಿಬಿಡುವ ಮಾತಿಗೆ ನಾನು ಗುಂಡಿ ಕತ್ತರಿಸಿದ್ದೆ, ಅವಳು ಗುಂಡಿ ಹಚ್ಚಿದ್ದಳು. ಉತ್ತರ ಬಂತೋ ಇಲ್ಲವೋ ಎಂದು ಮೂರು ತಿಂಗಳು ಆ ಬಿಳಿ ಗುಂಡಿಯನ್ನೇ ನೋಡುತ್ತಾ ಕೂತೆ. ಮುಂದಿನ ಪಾಳಿಗೆ ನಾಲ್ಕನೇ ಗುಂಡಿಗೂ ಬ್ಲೇಡು ಇಟ್ಟಿದ್ದೆ, ಉದ್ದನೆಯವನು ನೋಡಿಬಿಟ್ಟ. ಅಂಗಿ ಮೂರು ಮಂದಿಯದು, ಗುಂಡಿಗಳೂ ಮೂರು ಮಂದಿಯವು, ಕೇಳದೆ ಮುಟ್ಟಬೇಡ ಎಂದು ಬೈದ.

ಆ ಅಂಗಡಿಯಲ್ಲಿ ಭಾನುವಾರ ಒಬ್ಬ ಹಿರಿಯರು ಬಂದು ಕೂರುತ್ತಿದ್ದರು. ನಮ್ಮ ಮಂದಿಗೆ ಸಂಬಂಧ ಹಚ್ಚುವವರು. ಎಲ್ಲರೂ ಕಾಕಾ ಎನ್ನುತ್ತಿದ್ದರು. ತೊಡೆಯ ಮೇಲೆ ಒಂದು ಕರಿ ಚೀಲ, ಅದರೊಳಗೆ ಹುಡುಗ ಹುಡುಗಿಯರ ಫೋಟೋಗಳು. ಬೆಂಗಳೂರಲ್ಲಿ ನಮ್ಮ ಕಡೆಯ ಎಷ್ಟು ಮದುವೆಗಳು ಆ ಚೀಲದೊಳಗಿಂದ ಎದ್ದು ಬಂದವೋ. ಕಾಕಾ ಒಂದು ದಿನ ಮಠದ ಪ್ರಸಾದದಲ್ಲಿ ಸಿಕ್ಕಿ, ನಮ್ಮ ಮೂವರಿಗೂ ವಯಸ್ಸಾಯಿತು, ಒಂದೊಂದು ಫೋಟೋ ತಂದುಕೊಡಿ ಎಂದರು.

ನಾವು ಒಬ್ಬೊಬ್ಬರೇ ನಮ್ಮ ನಮ್ಮ ಪಾಳಿಯ ಭಾನುವಾರ ಸ್ಟುಡಿಯೋಗೆ ಹೋದೆವು. ಹೇಗೆ ತೆಗೆಸಿದೆ ಎಂದು ಒಬ್ಬರನ್ನೊಬ್ಬರು ಕೇಳಲೇ ಇಲ್ಲ. ಸ್ಟುಡಿಯೋದವನು ನನ್ನ ಜೇಬು ನೋಡಿದ ಕೂಡಲೇ, "ಸಾರ್, ಈ ಶರ್ಟ್‌ಗೆ ಸಮುದ್ರ ಸಖತ್ತಾಗಿ ಮ್ಯಾಚ್ ಆಗತ್ತೆ," ಎಂದು ಒಂದು ಪರದೆ ಇಳಿಬಿಟ್ಟ. ನೀಲಿ ಸಮುದ್ರ, ಒಂದು ತೆಂಗಿನ ಮರ, ದೂರದಲ್ಲಿ ಹೊಗೆ ಬಿಡುವ ಹಡಗು. ಅವನು ಪಾಪ ಒಳ್ಳೆಯ ಮನಸ್ಸಿನಿಂದ ಮೂವರಿಗೂ ಅದನ್ನೇ ಹೇಳಿ, ಮೂವರಿಗೂ ಅದನ್ನೇ ಇಳಿಬಿಟ್ಟಿದ್ದ. ದಪ್ಪನೆಯವನು ಫೋಟೋದಲ್ಲಿ ಉಸಿರು ಬಿಗಿಹಿಡಿದು ಕಣ್ಣುಗಳು ಹೊರಗೆ ಬಂದು, ಹಡಗು ಮುಳುಗುತ್ತಿರುವುದನ್ನು ಕಂಡವನ ಹಾಗಿದ್ದ. ಆದರೆ ಅದನ್ನು ನಾನು ನೋಡಿದ್ದು ಆಮೇಲೆ.

ನನ್ನ ಫೋಟೋ ಕೊಡುವಾಗ ಕಾಕಾಗೆ, ಯಾರ ಮನೆಗೆ ತೋರಿಸಿದರೂ ಸರಿ, ತ್ಯಾಗರಾಜನಗರದ ಕಡೆ ತೋರಿಸಿದರೆ ಇನ್ನೂ ಒಳ್ಳೆಯದು ಎಂದು ಸೂಚ್ಯವಾಗಿ ಹೇಳಿದೆ. ಕಾಕಾ, ಆ ಕಡೆ ಬಸ್ಸು ಕಡಿಮೆ ಎಂದರು.

ತಿಂಗಳ ಮೇಲೆ ಕಾಕಾ ನಮ್ಮ ತಾರಸಿ ಹತ್ತಿ ಬಂದರು. ತ್ಯಾಗರಾಜನಗರದ ಅಂಗಡಿಯವರು ಮಗಳಿಗೆ ವರ ನೋಡುತ್ತಿದ್ದಾರೆ, ಬರುವ ಭಾನುವಾರವೇ ಹುಡುಗಿ ನೋಡಲು ಬರಬೇಕಂತೆ ಎಂದರು. ನಾನು ಗಡ್ಡ ಮುಟ್ಟಿ ನೋಡಿಕೊಂಡೆ. ಕಾಕಾ ಉದ್ದನೆಯವನ ಹೆಗಲ ಮೇಲೆ ಕೈ ಇಟ್ಟರು. ಖಾಯಂ ನೌಕರಿ ಎಂಬ ಮಾತು ಕೇಳಿಯೇ ಹುಡುಗಿಯ ಅಪ್ಪ ಒಪ್ಪಿದ್ದಾರೆ, ಫೋಟೋ ಇನ್ನೂ ತೋರಿಸಿಲ್ಲ, ಹಿರಿಯರು ಊರಲ್ಲಿ ಇರುವುದರಿಂದ ಈಗ ಗೆಳೆಯರಿಬ್ಬರನ್ನೇ ಕರೆದುಕೊಂಡು ಬಂದರೆ ಸಾಕು ಎಂದರು. ಉದ್ದನೆಯವನು ನಾಚಿಕೊಂಡು ಎದ್ದು ನಿಂತ, ತಲೆ ಶೀಟಿಗೆ ಬಡಿಯಿತು.

ಆ ಭಾನುವಾರ ಕ್ಯಾಲೆಂಡರಿನಲ್ಲಿ ಸೊನ್ನೆ ಇತ್ತು. ದಪ್ಪನೆಯವನು ದೊಡ್ಡ ಮನಸ್ಸು ಮಾಡಿ, ನನ್ನ ಪಾಳಿ ಬಿಟ್ಟುಕೊಟ್ಟೆ ತಗೋ ಎಂದ. ನಾನೂ ಏನಾದರೂ ಬಿಟ್ಟುಕೊಡಬೇಕಲ್ಲ. ನನ್ನ ಪಾಲಿಗೆ ಬಂದದ್ದು ಇಸ್ತ್ರಿ.

ಬೆಳಿಗ್ಗೆ ಓನರ್ ಆಂಟಿಯ ಕರೆಂಟ್ ಇಸ್ತ್ರಿ ಪೆಟ್ಟಿಗೆ ತಂದು, ಹಾಸಿದ ಕಂಬಳಿಯ ಮೇಲೆ ಅಂಗಿ ಹರಡಿದೆ. ಉದ್ದನೆಯವನು ಹೊರಗೆ ನಲ್ಲಿಯ ಹತ್ತಿರ ಹಾಡು ಹೇಳುತ್ತಾ ಸ್ನಾನ ಮಾಡುತ್ತಿದ್ದ. ಕಾಲರ್ ಮುಗಿಸಿದೆ, ತೋಳು ಮುಗಿಸಿದೆ, ಬಿಳಿ ಗುಂಡಿಯ ಸುತ್ತ ತುದಿಯಿಂದ ಮೆಲ್ಲಗೆ ಬಂದೆ. ಬೆನ್ನಿಗೆ ಬಂದು, ಬೆನ್ನಿನಿಂದ ಹಿಂದಿನ ತುದಿಗೆ ಬಂದು, ಅಲ್ಲಿ ಕೈ ನಿಂತಿತು. ನಾನೇ ನಿಲ್ಲಿಸಿದೆ ಅಂದರೂ ನಡೆದೀತು. ಅಂಗಿ ಸುಟ್ಟುಹೋದರೆ ಇವನಿಗೆ ಹಾಕಿಕೊಳ್ಳಲು ಬೇರೆ ಅಂಗಿ ಇಲ್ಲ. ಅಂಗಿ ಇಲ್ಲದೆ ಹುಡುಗಿ ನೋಡಲು ಹೋಗುವಂತಿಲ್ಲ. ಅಷ್ಟರಲ್ಲಿ ನಾನು ಕಾಕಾನ ಕಾಲು ಹಿಡಿಯಬಹುದು. ಇಷ್ಟೆಲ್ಲ ಯೋಚನೆ ಮಾಡುವಷ್ಟು ಹೊತ್ತು ಪೆಟ್ಟಿಗೆ ಅಲ್ಲೇ ಕೂತಿತ್ತು. ವಾಸನೆ ಬಂತು. ಆ ವಾಸನೆಗೆ ನನ್ನ ಜೀವ ಚುರ್ ಎಂದಿತು. ಸಾವಿರ ಮಂದಿಯ ಬಟ್ಟೆಗೆ ಇಸ್ತ್ರಿ ಹಾಕಿದ್ದೇನೆ, ಒಂದನ್ನೂ ಸುಟ್ಟವನಲ್ಲ. ತಟಕ್ಕನೆ ಎತ್ತಿಬಿಟ್ಟೆ. ವೀಳ್ಯದೆಲೆಯಷ್ಟು ದೊಡ್ಡ ಕಂದು ಕಲೆ, ಪ್ಯಾಂಟಿನೊಳಗೆ ಹೋಗುವ ಜಾಗದಲ್ಲಿ. ನಾನು ಕಳ್ಳನಾಗಲೂ ಪೂರ್ತಿ ಯೋಗ್ಯನಾಗಲಿಲ್ಲ. ಸುಮ್ಮನೆ ಮಡಿಚಿ ಕೊಟ್ಟೆ.

ಜಯನಗರದವರೆಗೆ ಬಸ್ಸು, ಅಲ್ಲಿಂದ ನಡಿಗೆ. ಕಾಕಾ ಮುಂದೆ, ನಾವು ಹಿಂದೆ. ಆ ಮನೆಯಲ್ಲಿ ಚೂಡಾ, ಶೇವು, ಬುಂದೆ ಉಂಡೆ ಇಟ್ಟಿದ್ದರು. ಹುಡುಗಿಯ ಅಪ್ಪ ಉದ್ದನೆಯವನ ಮುಖ ನೋಡಲೇ ಇಲ್ಲ. ಬಂದಾಗಿನಿಂದ ಅಂಗಿಯನ್ನೇ ನೋಡುತ್ತಿದ್ದರು. ಕಡೆಗೆ, ಈ ಅಂಗಿ ಎಲ್ಲಿ ತೆಗೆದುಕೊಂಡಿರಿ ಎಂದು ಕೇಳಿದರು. ಯಾವ ಅಂಗಡಿಯಿಂದ ತಂದದ್ದೆಂದು ನಾನು ಕೋಣೆಯಲ್ಲಿ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ. ಉದ್ದನೆಯವನು ಮರ್ಯಾದೆಗೆ ಇರಲೆಂದು ಎದೆ ಉಬ್ಬಿಸಿ, ಎಂಜಿ ರೋಡಿನಲ್ಲಿ ಎಂದುಬಿಟ್ಟ. ಅಪ್ಪ ತಲೆ ಆಡಿಸಿ ಬುಂದೆ ಉಂಡೆಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅಲ್ಲೇ ಮೂಲೆಯಲ್ಲಿ ಹುಡುಗಿಯ ಅಜ್ಜಿ ಕೂತಿದ್ದರು. ಎಲ್ಲರೂ ಆಯಿ ಎನ್ನುತ್ತಿದ್ದರು. ಕನ್ನಡಕ ಏರಿಸಿ ಜೇಬಿನ ಚಿತ್ರ ನೋಡಿ, "ತಮ್ಮಾ, ನೀ ಹಡಗದಾಗ ಇರ್ತಿಯೇನು?" ಎಂದರು.

ಹಾಗೇನಿಲ್ಲ, ಸರ್ಕಾರಿ ಕಚೇರಿ ಎಂದು ಕಾಕಾ ಅವಸರದಿಂದ ಉತ್ತರ ಕೊಟ್ಟು, ಫೋಟೋ ನೋಡಿರಿ ಎಂದು ಚೀಲಕ್ಕೆ ಕೈ ಹಾಕಿ ಎಳೆದರು. ಒಂದರ ಬದಲು ಮೂರು ಬಂದವು. ನಮ್ಮ ಮೂವರ ಹೆಸರಿಗೆಂದು ಕಾಕಾ ಒಂದೇ ಲಕೋಟೆಯಲ್ಲಿ ಇಟ್ಟಿದ್ದರಂತೆ. ಆಯಿ ಮೂರನ್ನೂ ತೊಡೆಯ ಮೇಲೆ ಸಾಲಾಗಿ ಹರಡಿಕೊಂಡರು. ಒಂದೇ ಸಮುದ್ರ, ಒಂದೇ ತೆಂಗಿನ ಮರ, ಒಂದೇ ಹೊಗೆ. ಮೂರು ಎದೆಗಳ ಮೇಲೆ ಒಂದೇ ಲಂಗರು.

"ಮೂರೂ ಮಂದಿ ಒಂದ ಹಡಗದಾಗ ಅದಾರ," ಎಂದು ಆಯಿ ಮಗನಿಗೆ ತೋರಿಸಿದರು. "ನೀರಿನ ನೌಕರಿ ಬ್ಯಾಡಪ್ಪ. ಹೋದವ್ರು ಬರೂದು ಯಾವಾಗೋ."

ದಪ್ಪನೆಯವನಿಗೆ ಗೆಳೆಯನನ್ನು ಉಳಿಸಬೇಕೆನಿಸಿತು. ಬಾಯಲ್ಲಿದ್ದ ಚೂಡಾ ನುಂಗಿ, "ಇಲ್ರಿ ಆಯಿ, ಮಡಿವಾಳ ಕೆರಿ ಬಿಟ್ರ ನಾವು ನೀರ ನೋಡಿಲ್ಲ," ಎಂದ.

"ಅಲ್ಲೇ ನಡಸ್ತೀರೇನು ಮತ್ತ ಹಡಗ?"

ಅಪ್ಪ ಮೂರು ಫೋಟೋಗಳನ್ನೂ ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಮೂರನೇ ಗುಂಡಿಯ ಮೇಲೆ ಬೆರಳಿಟ್ಟರು. ಒಂದರಲ್ಲಿ ಬಿಳಿ, ಇನ್ನೊಂದರಲ್ಲಿ ಬಿಳಿ, ಮತ್ತೊಂದರಲ್ಲೂ ಬಿಳಿ. ಎದುರು ಕೂತವನ ಎದೆಯ ಮೇಲೂ ಬಿಳಿ. ಈ ಮಾಲು ನನ್ನ ಅಂಗಡಿಗೆ ಒಂದೇ ಒಂದು ಬಂದಿತ್ತು, ಮಾರಿದ್ದು ನನ್ನ ಮಗಳು ಎಂದು ನಿಧಾನವಾಗಿ ಹೇಳಿದರು. ಆಮೇಲೆ, ಈ ಅಂಗಿ ಯಾರದು ಎಂದು ಕೇಳಿದರು. ನಂದು ಎಂದು ಉದ್ದನೆಯವನು ಅಂದ. ಅದೇ ಹೊತ್ತಿಗೆ ನಂದು ಎಂದು ದಪ್ಪನೆಯವನೂ ಅಂದ, ಅವನ ಮಟ್ಟಿಗೆ ಅವತ್ತು ಸೊನ್ನೆಯ ದಿನವೇ. ನಾನು ಚೂಡಾದಲ್ಲಿ ಶೇಂಗಾ ಆರಿಸುತ್ತಾ ಕೂತೆ.

ಉದ್ದನೆಯವನಿಗೆ ಇಲ್ಲಿಂದ ಪಾರಾದರೆ ಸಾಕಾಗಿತ್ತು. ಹೊರಡುತ್ತೇವೆ ಎಂದು ಎದ್ದು ಆಯಿಯ ಕಾಲಿಗೆ ಬಗ್ಗಿದ. ಅಷ್ಟು ಉದ್ದದ ಬೆನ್ನು ಅಷ್ಟು ಸಣ್ಣ ಅಂಗಿಯೊಳಗೆ ಬಗ್ಗಿದರೆ ಏನಾಗಬೇಕು? ಹಿಂದಿನ ತುದಿ ಪ್ಯಾಂಟಿನಿಂದ ಸರ್ರನೆ ಹೊರಗೆ ಬಂತು. ವೀಳ್ಯದೆಲೆ ಎಲ್ಲರಿಗೂ ಕಂಡಿತು.

ಅಪ್ಪ ಎದ್ದು ಬಂದು ಆ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ಮೂಸಿ ನೋಡಿದರು. ಉದ್ದನೆಯವನು ಬಗ್ಗಿದವನು ಬಗ್ಗಿಯೇ ಇದ್ದ. ಆಶೀರ್ವಾದ ಇನ್ನೂ ಬಂದಿರಲಿಲ್ಲ, ಅಂಗಿಯೂ ಅವರ ಕೈಯಲ್ಲಿತ್ತು.

"ಇದು ಇವತ್ತ ಸುಟ್ಟದ್ದು," ಎಂದರು ಅಪ್ಪ. ಆಮೇಲೆ ಕಾಲರ್ ಮಗುಚಿ ನೋಡಿದರು, ಹೊಲಿಗೆ ನೋಡಿದರು, ಕಂಕುಳ ನೋಡಿದರು. "ವರ್ಷ ಮೂರು ಮಂದಿ ಹಾಕ್ಕೊಂಡಾರ. ಕಾಲರ್ ಮುರದಿಲ್ಲ, ಬಣ್ಣ ಬಿಟ್ಟಿಲ್ಲ. ಈ ಅಂಗಿ ಸಂಬಾಳಿಸಿದವ ಯಾರು?"

ಇಬ್ಬರೂ ನನ್ನ ಕಡೆ ಬೆರಳು ಮಾಡಿದರು. ಉದ್ದನೆಯವನು ಬಗ್ಗಿದಲ್ಲಿಂದಲೇ ಮಾಡಿದ.

"ಇಷ್ಟು ಜ್ವಾಕಿಲೆ ಇಟ್ಟವ ಇವತ್ತ ಯಾಕ ಸುಟ್ಟಿ?"

ನಾನು ನೆಲ ನೋಡಿದೆ. "ಕೈ ನಿಂತಬಿಡ್ತ್ರಿ," ಎಂದೆ.

"ಯಾಕ ನಿಂತ್ತು?"

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಬಾಯಿ ಇರಲಿಲ್ಲ. ಅಷ್ಟರಲ್ಲಿ ಒಳಬಾಗಿಲಲ್ಲಿ ಕಪ್ಪು-ಬಸಿಗಳು ಕಟಕಟ ಎಂದವು. ಅವಳು ಚಹಾದ ತಾಟು ಹಿಡಿದು ನಿಂತಿದ್ದಳು. ನಗು ತಡೆಯಲಾಗದೆ ಇಡೀ ತಾಟೇ ನಡುಗುತ್ತಿತ್ತು.

"ಅಪ್ಪಾ, ಲಂಗರು ಐತಲ್ಲ," ಎಂದಳು. "ಅದಕ್ಕ ನಿಂತಿರಬೇಕು."

ಆಯಿ ಒಮ್ಮೆ ಮೊಮ್ಮಗಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಅಪ್ಪ ಕೆಳಗಿಟ್ಟಿದ್ದ ಮೂರು ಫೋಟೋಗಳನ್ನು ಎತ್ತಿಕೊಂಡು ಎರಡನ್ನು ಕಾಕಾಗೆ ವಾಪಸ್ಸು ಕೊಟ್ಟರು. ಮೂರನೆಯದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಾಕಾ ಕೆಮ್ಮಿ, ತಾನೂ ಮೊದಲು ಈ ಹುಡುಗನನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ ಎಂದು ಶಿವನ ಮೇಲೆ ಆಣೆ ಮಾಡಿದರು. ಅಪ್ಪ ಮಾತ್ರ ಲಾಂಡ್ರಿಯವನಿಗೆ ಹೇಗೆ ಕೊಡುವುದು ಎಂದು ಒಂದು ತಿಂಗಳು ಯೋಚಿಸಿದರು. ಆ ತಿಂಗಳಿಡೀ ಅವರ ಮನೆಯ ಧೋತರಗಳು ತ್ಯಾಗರಾಜನಗರದಿಂದ ಸುದ್ದಗುಂಟೆಪಾಳ್ಯದವರೆಗೆ ಇಸ್ತ್ರಿಗೆ ಬಂದವು. ಅಂಥಾ ಇಸ್ತ್ರಿ ನಾನು ಜೀವನದಲ್ಲಿ ಮತ್ತೆ ಹಾಕಿಲ್ಲ. ಧೋತರ ನಿಲ್ಲಿಸಿದರೆ ನಿಂತಿರುತ್ತಿತ್ತು.

ಅವತ್ತು ವಾಪಸ್ಸು ಬರುವಾಗ ಉದ್ದನೆಯವನು ನಮ್ಮಿಬ್ಬರನ್ನೂ ಬಿಟ್ಟು ಬಸ್ ಸ್ಟಾಪಿನವರೆಗೆ ಮುಂದೆ ಮುಂದೆ ನಡೆದ. ನಾನು ಅವನ ಗೆಳೆತನವೇ ಹೋಯಿತೆಂದು ಅಳುವಂತಾಗಿದ್ದೆ. ಸ್ಟಾಪಿನಲ್ಲಿ ನಿಂತು ನನ್ನ ಕಡೆ ತಿರುಗಿದ.

"ಲೇ, ಒಂದ ಚಾಪಿ ಮ್ಯಾಲೆ ಮಲಗ್ತೀವಿ. ಒಂದ ಮಾತು ಹೇಳಾಕ ನಿನಗ ಬಾಯಿ ಇದ್ದಿಲ್ಲೇನು? ಹೇಳಿದ್ರ ನಾನ ಬಂದು ನಿನ್ನ ಸಲುವಾಗಿ ಕೇಳ್ತಿದ್ದಿಲ್ಲೇನಲೇ?"

ಎಂದವನೇ, ಅಲ್ಲೇ ರಸ್ತೆಯ ಮೇಲೆ ಅಂಗಿ ಬಿಚ್ಚಿ ನನ್ನ ಕೈಗೆ ತುರುಕಿದ. ನಾನು ತೊಡುವಷ್ಟರಲ್ಲಿ ದಪ್ಪನೆಯವನು ಅದನ್ನು ಕಸಿದುಕೊಂಡ. ಹುಡುಗಿ ನೋಡುವ ಕೆಲಸ ಮುಗಿದ ಮೇಲೆ ಸೊನ್ನೆಯ ದಿನ ಸೊನ್ನೆಯವನದೇ ಎಂದು ಹಾಕಿಕೊಂಡು, ಗುಂಡಿ ಹಾಕದೆ, ಸುಖವಾಗಿ ಉಸಿರು ಬಿಟ್ಟುಕೊಂಡು ಬಸ್ಸು ಹತ್ತಿದ. ಉದ್ದನೆಯವನು ಬರೀ ಬನಿಯನ್ನಿನಲ್ಲಿ. ಕಂಡಕ್ಟರು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಗಾಳಿ ಸಾಕಾ ಸಾರ್, ಇನ್ನೊಂದ್ ಕಿಟಕಿ ತೆಗೀಲಾ," ಎಂದ. ಮೂವರೂ ನಕ್ಕ ನಗುವಿಗೆ ಇಳಿಯುವ ಸ್ಟಾಪು ಬಿಟ್ಟು ಸಿಲ್ಕ್ ಬೋರ್ಡಿನವರೆಗೆ ಹೋಗಿಬಿಟ್ಟೆವು.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಹದಿಮೂರನೇ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ನನ್ನ ಹೆಂಡತಿ ತಿಂಗಳುಗಟ್ಟಲೆ ಕೂತು ಹಳೆಯ ಬಟ್ಟೆಗಳನ್ನು ಜೋಡಿಸಿ ನಮ್ಮ ಕಡೆಯ ಪದ್ಧತಿಯ ಕೌದಿ ಹೊಲಿದಿದ್ದಳು. ತೊಟ್ಟಿಲಲ್ಲಿ ಹಾಸಿದಾಗ ನೋಡಿದರೆ ನಟ್ಟ ನಡುವೆ ಆ ಜೇಬು, ಅದರ ಮೇಲೆ ಬಂಗಾರದ ಲಂಗರು. ದಾರ ಸ್ವಲ್ಪ ಮಾಸಿದೆ, ಅಷ್ಟೇ. ಉದ್ದನೆಯವನೂ ದಪ್ಪನೆಯವನೂ ಹೆಂಡಿರು ಮಕ್ಕಳೊಂದಿಗೆ ಬಂದಿದ್ದರು. ಉದ್ದನೆಯವನು ಈಗ ರಿಟೈರ್ ಆಗಿ ಸ್ವಲ್ಪ ಬಾಗಿದ್ದಾನೆ, ಬಾಗಿಲಲ್ಲಿ ಬಗ್ಗಬೇಕಿಲ್ಲ. ದಪ್ಪನೆಯವನು ಡಾಕ್ಟರರ ಮಾತು ಕೇಳಿ ಸಣ್ಣಗಾಗಿದ್ದಾನೆ, ನಾನು ಗುರುತೇ ಹಿಡಿಯಲಿಲ್ಲ. ಆ ಅಂಗಿ ಇದ್ದಿದ್ದರೆ ಹಿಡಿಯುತ್ತಿದ್ದೆ.

ಉದ್ದನೆಯವನು ಕೌದಿಯ ಅಂಚು ಮಗುಚಿ ನೋಡಿದ. ಅಡಿಯಲ್ಲಿ, ಕಾಲಿನ ಕಡೆ, ವೀಳ್ಯದೆಲೆ. ಆ ಸುಟ್ಟ ತುಂಡನ್ನು ಇವಳು ಇಷ್ಟು ವರ್ಷ ಎಲ್ಲಿ ಇಟ್ಟಿದ್ದಳೋ ನನಗೇ ಗೊತ್ತಿರಲಿಲ್ಲ. ಅವನು ಮಗುಚಿದ್ದನ್ನು ಸರಿಮಾಡಿದ. ಆಮೇಲೆ ಗೋಡೆಯ ಮೇಲಿನ ಕ್ಯಾಲೆಂಡರ್ ಹುಡುಕಿ ಹೋಗಿ, ಪೆನ್ನು ಕೇಳಿ, ಬರುವ ಭಾನುವಾರಗಳಿಗೆಲ್ಲ ಗೆರೆ, ಸೊನ್ನೆ, ಚುಕ್ಕಿ ಹಾಕಿದ. ಕೂಸನ್ನು ಎತ್ತಿಕೊಳ್ಳುವ ಪಾಳಿಯಂತೆ. ಅವಳ ಮುತ್ಯಾ ನಾನು, ನನಗೆ ದಿನಾ ಚುಕ್ಕಿ ಬೇಕು ಎಂದು ವಾದ ಮಾಡಿದೆ, ಇಬ್ಬರೂ ಒಪ್ಪಲಿಲ್ಲ.

ಅವತ್ತೂ ಭಾನುವಾರವೇ, ಮೊದಲ ಗೆರೆ ಅವತ್ತಿನದೇ ಎಂದು ಉದ್ದನೆಯವನು ತೊಟ್ಟಿಲಿನಿಂದ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡ. ಹೊಸ ಬಿಳಿ ಅಂಗಿ, ಈ ಕಾರ್ಯಕ್ಕೆಂದೇ ಹೊಲಿಸಿದ್ದು. ನನ್ನ ಮೊಮ್ಮಗಳು, ನನ್ನ ಬಂಗಾರ, ಕಣ್ಣು ಬಿಟ್ಟು ಅವನನ್ನು ಒಂದು ಕ್ಷಣ ನೋಡಿ, ನಿರಾಳವಾಗಿ ಅವನ ಮೇಲೆ ಉಚ್ಚೆ ಹೊಯ್ದಳು. ಮನೆಯೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಅಂಗಿ ಹಿಂಡಿ ತಂದು ಇಸ್ತ್ರಿಗೆ ಹಾಸಿದೆ. ಉದ್ದನೆಯವನು ಬನಿಯನ್ನಿನಲ್ಲಿ ಬಂದು ನನ್ನ ಪಕ್ಕದಲ್ಲೇ ನಿಂತ. ಕಾಲರ್ ಆಯಿತು, ತೋಳು ಆಯಿತು, ಬೆನ್ನು ಆಯಿತು. ಅವನು ಇನ್ನೂ ಹತ್ತಿರ ಬಂದ, ಕುತ್ತಿಗೆ ಚಾಚಿದ.

"ಹೋಗಲೇ, ಒಳಗ ಹೋಗಿ ಊಟ ಮಾಡು," ಎಂದೆ.

"ಹಿಂದಿನ ತುದಿ ಮುಗೀಲಿ," ಎಂದ.

ಒಳಗೆ ತೊಟ್ಟಿಲು ತೂಗುತ್ತಿದ್ದ ನನ್ನ ಹೆಂಡತಿಗೆ ಅದು ಕೇಳಿಸಿತು. "ಕೈ ನಿಂದ್ರಸಬ್ಯಾಡ್ರಿ ಮತ್ತ," ಎಂದು ಅಲ್ಲಿಂದಲೇ ಕೂಗಿದಳು.